ಬೆವರುವ ಕೈಗೊಂದು ಹಿಡಿ

ಬೂಕನಕೆರೆಯ ರಂಗಸ್ವಾಮಿಗೆ ಅಂಗೈ ಬೆವರುತ್ತಿತ್ತು. ಬಿಸಿಲಿಗೆ ಎಲ್ಲರಿಗೂ ಬೆವರುವಂತಲ್ಲ. ಮಾಗಿಯ ಚಳಿಯಲ್ಲೂ ಬೆವರುತ್ತಿತ್ತು, ಫ್ಯಾನಿನ ಕೆಳಗೆ ಸುಮ್ಮನೆ ಕೂತಾಗಲೂ ಬೆವರುತ್ತಿತ್ತು. ಯಾರಾದರೂ ತನ್ನ ಕೈ ನೋಡುತ್ತಿದ್ದಾರೆ ಅನ್ನಿಸಿಬಿಟ್ಟರಂತೂ ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಶಾಲೆಯಲ್ಲಿ ಪರೀಕ್ಷೆ ಬರೆಯುವಾಗ ಕೈಕೆಳಗೆ ಕರ್ಚೀಫು ಇಟ್ಟುಕೊಳ್ಳುತ್ತಿದ್ದ. ಆದರೂ ಶಾಯಿ ಕಲಸಿಹೋಗುತ್ತಿತ್ತು. ‘ಉತ್ತರದ ಮೇಲೆ ಯಾಕ್ಲಾ ನೀರು ಚೆಲ್ಲಿದ್ದೀಯ?’ ಎಂದು ಮೇಷ್ಟ್ರು ಕೇಳಿದಾಗ, ಬಾಟ್ಲಿ ಉರುಳಿಬಿಡ್ತು ಸಾ ಎಂದಿದ್ದ. ಆ ಸುಳ್ಳು ಹೇಳುವುದು ಅವನಿಗೆ ಬಹಳ ಸುಲಭವಾಗಿತ್ತು.

ಓದು ಮುಗಿದ ಮೇಲೆ ಕೆ.ಆರ್. ಪೇಟೆಯ ಒಂದು ಸೀರೆ ಅಂಗಡಿಗೆ ಸೇರಿದ. ಬಿಡಿಸಿ ತೋರಿಸುವುದು, ಮಡಿಸಿ ಇಡುವುದು, ಅಷ್ಟೇ ಕೆಲಸ. ಮದುವೆ ಜವಳಿಗೆ ಬಂದಿದ್ದ ಹೆಂಗಸೊಬ್ಬಳು ರೇಷ್ಮೆ ಸೀರೆಯ ಮೇಲೆ ಬೆರಳಚ್ಚಿನಂತೆ ಮೂಡಿದ್ದ ಕಲೆಗಳನ್ನು ಎತ್ತಿ ತೋರಿಸಿ, ‘ಇದೇನಿದು, ಯಾರೋ ಉಟ್ಟು ಬಿಟ್ಟಿದ್ದಾ?’ ಎಂದಳು. ಯಜಮಾನರು ಬೈಯಲಿಲ್ಲ. ‘ನೀನು ಒಳಗೆ ಡಬ್ಬ ಜೋಡ್ಸಪ್ಪ’ ಎಂದರು, ಮೆಲ್ಲಗೆ. ಆ ಮೆಲುದನಿಯನ್ನು ತಡೆಯಲಾಗದೆ ಮರುದಿನದಿಂದ ಅವನು ಅಂಗಡಿಯ ಕಡೆಗೇ ತಲೆಹಾಕಲಿಲ್ಲ.

ಎಳನೀರಿನ ಕಸುಬಿಗೆ ಅವನು ಬಂದದ್ದೂ ಇದೇ ಕಾರಣಕ್ಕೆ. ಕಿಕ್ಕೇರಿಯಲ್ಲಿದ್ದ ಸೋದರಮಾವ ತೋಟಗಳಿಂದ ಕಾಯಿ ಇಳಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸುತ್ತಿದ್ದರು. ಒಮ್ಮೆ ಅವರ ಜೊತೆ ಗಾಡಿಯಲ್ಲಿ ಹೋದಾಗ, ಕೋಟೆಯ ಹತ್ತಿರದ ರಸ್ತೆಬದಿಯಲ್ಲಿ ಎಳನೀರು ಕೊಚ್ಚುವವನನ್ನು ರಂಗಸ್ವಾಮಿ ನಿಂತು ನೋಡಿದ. ಕೊಚ್ಚಿದಾಗೆಲ್ಲ ನೀರು ಚಿಮ್ಮುತ್ತಿತ್ತು. ಕೈಯೆಲ್ಲ ಒದ್ದೆ, ಹೆಗಲ ಮೇಲಿನ ಟವಲಿಗೆ ಒರೆಸುತ್ತಿದ್ದ, ಮತ್ತೆ ಒದ್ದೆ. ಅದು ಯಾವ ನೀರೆಂದು ಯಾರೂ ಕೇಳುತ್ತಿರಲಿಲ್ಲ. ಒಂದು ತಿಂಗಳೊಳಗೆ ರಂಗಸ್ವಾಮಿ ಅದೇ ಸಾಲಿನಲ್ಲಿ ಕಾಯಿ ರಾಶಿ ಹಾಕಿಕೊಂಡು ಕೂತಿದ್ದ. ಗಂಜಾಮಿನಲ್ಲಿ ಬಾಡಿಗೆ ಮನೆ ಹಿಡಿದ. ಸಹನಳನ್ನು ಮದುವೆಯಾದ. ಧಾರೆಯ ಹೊತ್ತಿನಲ್ಲಿ ಕೈಮೇಲೆ ಹಾಲು ನೀರು ಸುರಿಯುತ್ತಿದ್ದರಿಂದ ಅಲ್ಲೂ ಬಚಾವಾದೆ ಅಂದುಕೊಂಡ. ಆಮೇಲೆ ಅವಳು ಒಂದು ಸಲ ಕೇಳಿದ್ದಕ್ಕೆ, ‘ಎಳನೀರು ಕೊಚ್ಚಿ ಕೊಚ್ಚಿ ಇಂಗಾಗ್ಬುಟ್ಟದೆ’ ಎಂದ.

ಆದರೆ ಮಚ್ಚಿಗೆ ಸುಳ್ಳು ಹೇಳಲಾಗುವುದಿಲ್ಲ. ಅವನ ಮೊದಲ ಮಚ್ಚಿಗೆ ಹಿಡಿಯೂ ಕಬ್ಬಿಣದ್ದೇ, ಕೊಳವೆಯಂತೆ ಸುತ್ತಿದ್ದು. ಬಿಸಿಲಿಗೆ ಕಾಯುತ್ತಿತ್ತು, ಬೆವರಿಗೆ ಜಾರುತ್ತಿತ್ತು. ಅದಕ್ಕೆ ಸೈಕಲ್ ಟ್ಯೂಬು ಸುತ್ತಿದ. ರಬ್ಬರಿನ ಅಡಿಯಲ್ಲಿ ಬೆವರು ನಿಂತು ನಾತ ಹೊಡೆಯಿತು, ಅಂಗೈ ಚರ್ಮ ಬೆಳ್ಳಗಾಗಿ ಸುಲಿಯತೊಡಗಿತು. ಆಮೇಲೆ ಪ್ಲಾಸ್ಟಿಕ್ ಹಿಡಿಯದು ತಂದ. ಗುಂಡಗೆ ನುಣ್ಣಗಿದ್ದ ಆ ಹಿಡಿ ಏಟು ಹಾಕಿದಾಗೆಲ್ಲ ಮುಷ್ಟಿಯೊಳಗೇ ತಿರುಗಿಬಿಡುತ್ತಿತ್ತು. ಅದನ್ನು ತಡೆಯಲು ಅವನು ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದನೆಂದರೆ, ಸಂಜೆ ಮನೆಗೆ ಬಂದು ಊಟಕ್ಕೆ ಕೂತರೆ ಮುದ್ದೆ ಮುರಿಯಲು ಬೆರಳು ಬಿಡಿಸಿಕೊಳ್ಳುತ್ತಿರಲಿಲ್ಲ.

ಪಕ್ಕದಲ್ಲಿ ಸೌತೆಕಾಯಿ ಮಾರುತ್ತಿದ್ದ ಹೊನ್ನಪ್ಪ ಇದನ್ನು ಗಮನಿಸಿದ್ದ. ವಯಸ್ಸಾದವನು, ಬಾಯಿ ಜೋರು, ಮನಸ್ಸು ಮೆತ್ತಗೆ. ‘ಲೇ ರಂಗ, ಪಾಂಡವಪುರಕ್ಕೋಗಿ ತಾಜ್ ಬೀ ಅತ್ರ ಒಂದು ಹಿಡಿ ಆಕಿಸ್ಕೊಂಡು ಬಾ ಕಣ್ಲಾ. ಈ ಸಾಲ್ನಲ್ಲಿ ಎಲ್ರುದೂ ಅವ್ಳು ಆಕಿದ್ದೆಯಾ’ ಎಂದ.

ಪಾಂಡವಪುರದ ಬಸ್‌ಸ್ಟ್ಯಾಂಡಿನ ಹಿಂದೆ, ಮನೆ ಮುಂದಿನ ತಗಡಿನ ಚಪ್ಪರದ ಕೆಳಗೆ ತಾಜ್ ಬೀ ಕೂರುತ್ತಿದ್ದಳು. ಗಂಡ ಮಹಮ್ಮದ್ ಸಾಣೆ ಹಿಡಿಯುತ್ತಿದ್ದ, ಹಿಡಿ ಹಾಕುವುದು ಮೊದಲಿನಿಂದಲೂ ಅವಳದೇ ಕೆಲಸ. ಗಂಡ ತೀರಿಕೊಂಡ ಮೇಲೆ ಸಾಣೆ ನಿಂತಿತು, ಹಿಡಿ ನಿಲ್ಲಲಿಲ್ಲ. ಕಬ್ಬು ಕಡಿಯುವವರು, ಕೋಳಿ ಅಂಗಡಿಯವರು, ಹೋಟೆಲಿನವರು ಎಲ್ಲ ಅವಳಲ್ಲಿಗೇ ಬರುತ್ತಿದ್ದರು. ತನ್ನ ಕೆಲಸದ ಬಗ್ಗೆ ಅವಳಿಗೆ ಜಂಬವಿತ್ತು, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ‘ನಾನು ಹಾಕಿದ ಹಿಡಿ ಕಬ್ಬಿಣ ಸವೆದ ಮೇಲೂ ಇರ್ತದೆ’ ಎನ್ನುತ್ತಿದ್ದಳು.

ರಂಗಸ್ವಾಮಿ ಅವಳ ಮುಂದೆ ಕೂರುವ ಮೊದಲು ಬಸ್‌ಸ್ಟ್ಯಾಂಡಿನಲ್ಲೇ ಕೈ ತೊಳೆದು, ಟವಲಿಗೆ ಉಜ್ಜಿ ಉಜ್ಜಿ ಒಣಗಿಸಿಕೊಂಡಿದ್ದ. ‘ಮುಷ್ಟಿ ಕಟ್ಟು’ ಎಂದಳು, ಕಟ್ಟಿದ. ಮುಷ್ಟಿಯ ಮೇಲೆ ದಾರ ಸುತ್ತಿ ಅಳತೆ ತೆಗೆದುಕೊಂಡಳು.

‘ಕೈ ಬೆವರ್ತದಾ, ಒಣಗೈಯಾ?’

ಅವಳು ಬಂದವರಿಗೆಲ್ಲ ಕೇಳುತ್ತಿದ್ದ ಪ್ರಶ್ನೆ ಅದು. ಚಪ್ಪರದಲ್ಲಿ ಬೇರೆ ಗಿರಾಕಿಗಳೂ ಇದ್ದರು.

‘ಒಣಗೈ ಕಣಮ್ಮ’ ಎಂದ ರಂಗಸ್ವಾಮಿ.

ಗೂಟಕ್ಕೆ ನೇತುಹಾಕಿದ್ದ ಎರಡು ಥರದ ಹಿಡಿಗಳನ್ನು ಅವಳು ತೋರಿಸಿದಳು. ಬೆವರುವವರಿಗೆ ಹುಣಸೆ ಮರದ್ದು, ಪಾಲಿಶ್ ಇಲ್ಲದ್ದು, ಅರದ ಗೀರು ಹಾಗೇ ಬಿಟ್ಟದ್ದು. ಒಣಗೈಯವರಿಗೆ ಬೀಟೆ ಮರದ್ದು, ಗಾಜಿನ ಹಾಗೆ ಉಜ್ಜಿದ್ದು. ಅಲ್ಲಿ ರಿಪೇರಿಗೆ ಬಂದಿದ್ದ ಹಳೆಯ ಹುಣಸೆ ಹಿಡಿಯೊಂದು ರಂಗಸ್ವಾಮಿಯ ಕಣ್ಣಿಗೆ ಬಿತ್ತು. ಬೆವರು ಕುಡಿದು ಕುಡಿದು ಅದು ಕರ್ರಗಾಗಿತ್ತು. ನಾಲ್ಕು ಬೆರಳು, ಹೆಬ್ಬೆರಳು, ಎಲ್ಲದರ ಗುರುತೂ ಅಚ್ಚೊತ್ತಿದಂತೆ ಕಾಣುತ್ತಿತ್ತು. ತನ್ನದು ಒಂದೇ ವಾರಕ್ಕೆ ಹೀಗಾಗುತ್ತದೆ, ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಪಾಲಿಶ್ ಮಾಡಿದ್ದನ್ನಾದರೆ ಟವಲಿನಿಂದ ಒಂದು ಸಲ ಒರೆಸಿದರೆ ಮುಗಿಯಿತು.

‘ಬೀಟೇದೇ ಕೊಡಿ. ಚೆನ್ನಾಗಿ ಉಜ್ಜಿ ಕೊಡಿ’ ಎಂದ.

‘ನೋಡಕ್ಕೆ ತಗೋತೀಯೋ, ಹಿಡಿಯಕ್ಕೆ ತಗೋತೀಯೋ?’ ಎಂದು ತಾಜ್ ಬೀ ನಕ್ಕಳು. ಆದರೆ ಒಣಗೈ ಎಂದವನಿಗೆ ಬೇಡ ಎನ್ನಲು ಅವಳಿಗೆ ಕಾರಣವಿರಲಿಲ್ಲ.

ಬೇಸಿಗೆಯ ಒಂದು ಭಾನುವಾರ ಅದು ನಡೆಯಿತು. ಪ್ರವಾಸದ ಬಸ್ಸೊಂದರಿಂದ ಇಳಿದ ಹುಡುಗಿಯರು ಎಳನೀರಿಗೆ ಮುತ್ತಿಕೊಂಡರು. ಒಬ್ಬಳು ಮೊಬೈಲು ಹಿಡಿದು, ‘ಅಂಕಲ್, ಸ್ಪೀಡಾಗಿ ಕಟ್ ಮಾಡಿ, ವೀಡಿಯೊ ತೆಗೀತೀನಿ’ ಎಂದು ಅವನ ಕೈಯ ಹತ್ತಿರಕ್ಕೇ ಮೊಬೈಲು ತಂದಳು. ಅಷ್ಟು ಸಾಕಾಯಿತು. ಅಂಗೈ ಚಿಲುಮೆಯಾಯಿತು. ಒರೆಸಿಕೊಳ್ಳಲೂ ನಾಚಿಕೆ. ಎತ್ತಿ ಬೀಸಿದ. ಮಚ್ಚು ಕಾಯಿಗೆ ತಗುಲದೆ ಮುಷ್ಟಿಯಿಂದ ಮೀನಿನ ಹಾಗೆ ಜಾರಿ ಪಕ್ಕಕ್ಕೆ ಹಾರಿತು. ಹೊನ್ನಪ್ಪ ಸೌತೆಕಾಯಿ ಸೀಳಿ ಉಪ್ಪುಖಾರ ಹಚ್ಚುತ್ತಿದ್ದ. ಮಚ್ಚಿನ ಮೂಲೆ ಅವನ ಮೊಣಕಾಲ ಕೆಳಗೆ ಕಚ್ಚಿಕೊಂಡು, ಆಮೇಲೆ ಬುಟ್ಟಿಯ ಸಂದಿಗೆ ಬಿತ್ತು.

ರಕ್ತ ಕಂಡು ಹುಡುಗಿಯರು ಕಿರುಚಿದರು. ಸಾಲಿನವರು ಓಡಿಬಂದು ಟವಲು ಬಿಗಿದು ಆಟೋ ಕೂಗಿದರು. ಆ ಗಲಾಟೆಯಲ್ಲಿ ಯಾರೋ, ‘ಏನಾಯ್ತಲಾ ರಂಗ, ಕೈ ಜಾರ್ತಾ?’ ಎಂದರು. ಎಲ್ಲರೂ ಅವನ ಕೈಯನ್ನೇ ನೋಡಿದರು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

‘ಹಿಡಿ... ಹಿಡಿ ಕಳಚ್ಕಬುಡ್ತು’ ಎಂದ.

ಆಟೋ ಹೊರಟುಹೋಯಿತು. ರಂಗಸ್ವಾಮಿ ಬುಟ್ಟಿಯ ಸಂದಿಯಿಂದ ಮಚ್ಚು ತೆಗೆದುಕೊಂಡ. ಹಿಡಿ ಅಲುಗಿರಲಿಲ್ಲ. ಯಾರು ನೋಡಿದರೂ ಸುಳ್ಳು ಗೊತ್ತಾಗುತ್ತಿತ್ತು. ಅವನು ಖಾಲಿ ಬುರುಡೆಗಳ ರಾಶಿಯ ಹಿಂದಕ್ಕೆ ಹೋಗಿ ಕುಕ್ಕರಗಾಲಿನಲ್ಲಿ ಕೂತು, ಮಚ್ಚನ್ನು ಕಲ್ಲಿಗೆ ಕುಟ್ಟಿದ. ಹಿಡಿ ಬರಲಿಲ್ಲ. ತಿರುಗಿಸಿ ಕುಟ್ಟಿದ. ಕಾಲಲ್ಲಿ ಅದುಮಿಕೊಂಡು ಎಳೆದ. ಎರಡೂ ಕಡೆ ತಟ್ಟಿ ಕೂರಿಸಿದ್ದ ಮೊಳೆ, ಹಿಡಿಯ ಬಾಯಿಗೆ ಹಾಕಿದ್ದ ಕಬ್ಬಿಣದ ಬಳೆ, ಒಂದೂ ಜಗ್ಗಲಿಲ್ಲ. ಕೊನೆಗೆ ದೊಡ್ಡ ಕಲ್ಲು ತಂದು ಹೇರಿದ ಮೇಲೆ ಬೀಟೆ ಉದ್ದಕ್ಕೆ ಸೀಳಿತು. ಆಗಲೂ ಅರ್ಧ ಸೀಳು ಮೊಳೆಯನ್ನು ಹಿಡಿದುಕೊಂಡೇ ಇತ್ತು. ಅದನ್ನು ಕಿತ್ತು, ಚೂರುಗಳನ್ನು ಬುರುಡೆಗಳ ಅಡಿಗೆ ತುರುಕಿದ. ಎಷ್ಟು ಒಳ್ಳೆಯ ಕೆಲಸವನ್ನು ತಾನು ಒಡೆಯುತ್ತಿದ್ದೇನೆ ಎನ್ನುವುದು ಅವನಿಗೆ ಪ್ರತಿ ಏಟಿಗೂ ಗೊತ್ತಾಗಿತ್ತು.

ಹೊನ್ನಪ್ಪನ ಕಾಲಿಗೆ ಹೊಲಿಗೆ ಬಿತ್ತು. ಒಳಗಿನ ನರಕ್ಕೆ ಪೆಟ್ಟಾಗಿದೆ, ನಡಿಗೆ ಸರಿಹೋಗಲು ತಿಂಗಳುಗಳೇ ಬೇಕು ಎಂದರು ಡಾಕ್ಟರು. ನೋಡಲು ಹೋದ ರಂಗಸ್ವಾಮಿಗೆ ಹೊನ್ನಪ್ಪನ ಹೆಂಡತಿ ದ್ಯಾವಮ್ಮ ಕಾಫಿ ಕೊಟ್ಟಳು. ಹೊನ್ನಪ್ಪನೇ ಅವನನ್ನು ಸಮಾಧಾನ ಮಾಡಿದ.

‘ನಿಂದೇನ್ಲಾ ತಪ್ಪು? ನಿನ್ನನ್ನ ಅಲ್ಲಿಗೆ ಕಳ್ಸಿದ್ದು ನಾನೆಯಾ. ಆ ಯಮ್ಮಂಗೆ ವಯಸ್ಸಾಯ್ತು, ಕೈ ಸ್ವಾಧೀನ ತಪ್ಬುಟ್ಟದೆ. ಬುಡು ಅತ್ಲಾಗೆ.’

ರಂಗಸ್ವಾಮಿ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಲೆತಗ್ಗಿಸಿ ಕೂತಿದ್ದ. ಸಾಲಿನಲ್ಲೂ ಅದೇ ಮಾತು ನಡೆದಿತ್ತು. ತಾಜ್ ಬೀ ಹಾಕಿದ ಹಿಡಿ ಕಳಚಿಕೊಳ್ಳುತ್ತದಂತೆ, ಕಣ್ಣು ಮಂಜಾಗಿದೆಯಂತೆ, ಇನ್ನು ಮೈಸೂರಿನಿಂದಲೇ ತರಿಸಬೇಕು. ಮಾತು ಪಾಂಡವಪುರದ ಕಬ್ಬಿನ ಗದ್ದೆಗಳಿಗೂ ಮುಟ್ಟಿತು. ಅವನು ಕೇಳಿಸಿಕೊಂಡ, ತಡೆಯಲಿಲ್ಲ.

ಒಂದು ದಿನ ಬೆಳಿಗ್ಗೆ ಆಟೋವೊಂದು ಬಂದು ಅವನ ಕಾಯಿ ರಾಶಿಯ ಮುಂದೆ ನಿಂತಿತು. ಓಡಿಸುತ್ತಿದ್ದವನು ತಾಜ್ ಬೀಯ ಮಗ ತೌಸಿಫ್. ಹಿಂದಿನ ಸೀಟಿನಿಂದ ಅವಳು ಇಳಿದಳು. ಹೊನ್ನಪ್ಪ ಆಗಲೇ ಕುಂಟುತ್ತ ವ್ಯಾಪಾರಕ್ಕೆ ಮರಳಿದ್ದ. ಕಾಲನ್ನು ಒಂದು ಪೆಟ್ಟಿಗೆಯ ಮೇಲೆ ಚಾಚಿಕೊಂಡು ಕೂತಿದ್ದ. ಜಗಳಕ್ಕೆ ಬಂದಿದ್ದಾಳೆ ಎಂದು ಸಾಲಿನವರೆಲ್ಲ ಹತ್ತಿರ ಬಂದರು. ರಂಗಸ್ವಾಮಿಯೂ ಜಗಳಕ್ಕೆ ಸಿದ್ಧನಾದ. ಜಗಳವಾಗಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

‘ಆ ಹಿಡಿ ಎಲ್ಲಿ? ನೋಡ್ಬೇಕು’ ಎಂದಳು.

‘ಬಿಸಾಕ್ಬುಟ್ಟೆ ಕಣಮ್ಮ.’

ಅವಳು ಹೊನ್ನಪ್ಪನ ಹತ್ತಿರ ಹೋಗಿ, ತಂದಿದ್ದ ಹಣ್ಣಿನ ಚೀಲವನ್ನು ಅವನ ಪಕ್ಕದಲ್ಲಿಟ್ಟು, ನೆಲದ ಮೇಲೇ ಕೂತುಬಿಟ್ಟಳು.

‘ಅಣ್ಣ, ಒಂದು ವರ್ಷದಿಂದ ನನ್ನ ಕಣ್ಣಿಗೆ ಮಂಜು. ಮೊಳೆ ತಲೆ ಸರಿಯಾಗಿ ಕಾಣ್ತಿರ್ಲಿಲ್ಲ, ಬೆರಳಲ್ಲಿ ಸವರಿ ಕೂತದೆ ಅಂದ್ಕೋತಿದ್ದೆ. ಮಗನಿಗೂ ಹೇಳಿರ್ಲಿಲ್ಲ. ಹೇಳಿದ್ರೆ ಕೆಲಸ ಬಿಡು ಅಂತಾನೆ ಅಂತ. ತೋಬಾ, ನನ್ನ ಜಂಬಕ್ಕೆ ನಿನ್ನ ಕಾಲು ಹೋಯ್ತು. ಮಾಫ್ ಮಾಡಣ್ಣ.’

‘ಏಳವ್ವ ಮೇಲಕ್ಕೆ, ಏಳು’ ಎಂದ ಹೊನ್ನಪ್ಪ. ತೌಸಿಫ್ ಮುಖ ಬೇರೆ ಕಡೆ ತಿರುಗಿಸಿಕೊಂಡ. ಆಗ ರಂಗಸ್ವಾಮಿ ಬಾಯಿಬಿಡಬಹುದಿತ್ತು.

ತಾಜ್ ಬೀ ಎದ್ದು ಅವನ ಕಡೆಗೆ ಬಂದಳು. ‘ನಿನಗೊಂದು ಹಿಡಿ ಬಾಕಿ ಇದೆ. ಹಾಕಿ ಕೊಡ್ತೀನಿ, ಆಮೇಲೆ ನಿಲ್ಲಿಸ್ತೀನಿ. ಕೈ ಕೊಡು’ ಎಂದಳು.

‘ಬ್ಯಾಡ ಕಣಮ್ಮ’ ಎಂದು ಹಿಂದೆ ಸರಿದ. ಅವಳು ಬಿಡಲಿಲ್ಲ. ಕಣ್ಣನ್ನು ನಂಬದವಳು ಈ ಸಲ ದಾರ ತೆಗೆಯಲಿಲ್ಲ, ಅವನ ಮುಷ್ಟಿಯನ್ನೇ ಹಿಡಿದು ಬಿಡಿಸಿ, ಅಂಗೈ ಅಗಲವನ್ನು ಹೆಬ್ಬೆರಳಿನಲ್ಲಿ ಅಳೆಯಹೋದಳು. ಹೆಬ್ಬೆರಳು ಅರ್ಧದಲ್ಲಿ ನಿಂತಿತು. ಅವತ್ತು ಅವನು ಇನ್ನೂ ಒಂದು ಕಾಯಿಯನ್ನೂ ಕೊಚ್ಚಿರಲಿಲ್ಲ. ಕೈ ಒದ್ದೆಯಾಗಲು ಬೇರೆ ಯಾವ ನೀರೂ ಇರಲಿಲ್ಲ. ಅವಳು ಆ ಹೆಬ್ಬೆರಳನ್ನು ಮತ್ತೊಮ್ಮೆ ಅವನ ಬೆರಳ ಬುಡದಲ್ಲಿ ಆಡಿಸಿದಳು. ಮತ್ತೆ ನೀರೂರಿತು. ಮುಖ ಎತ್ತಿ ಅವನ ಮುಖದ ಕಡೆ ನೋಡಿದಳು.

ಈಗ ಹೇಳಿಬಿಡುತ್ತಾಳೆ ಎಂದು ರಂಗಸ್ವಾಮಿ ಕಣ್ಣು ಮುಚ್ಚಿಕೊಂಡ. ಅವಳು ಅವನ ಕೈ ಬಿಟ್ಟಳು. ತನ್ನ ಹೆಬ್ಬೆರಳನ್ನು ಬುರ್ಖಾಕ್ಕೆ ಒರೆಸಿಕೊಂಡು, ‘ಚಲ್ ಬೇಟಾ’ ಎಂದು ಮಗನಿಗೆ ಹೇಳಿ ಆಟೋ ಹತ್ತಿದಳು.

ಆಮೇಲಿನ ದಿನಗಳಲ್ಲಿ ರಂಗಸ್ವಾಮಿಗೆ ಅನ್ನ ಸೇರಲಿಲ್ಲ. ರಸ್ತೆಯಲ್ಲಿ ಆಟೋ ನಿಂತರೆ ಬೆಚ್ಚುತ್ತಿದ್ದ. ಅವಳು ಹೇಳಿಕೊಂಡು ತಿರುಗುತ್ತಿಲ್ಲ ಎಂದು ತಿಳಿದಷ್ಟೂ ಅವನಿಗೆ ತನ್ನ ಮೇಲೆ ಅಸಹ್ಯ ಹೆಚ್ಚಾಯಿತು. ಒಂದು ಮಧ್ಯಾಹ್ನ ತಟ್ಟೆಯ ಮುಂದಿನಿಂದ ಎದ್ದವನನ್ನು ಸಹನ ತಡೆದು ಕೂರಿಸಿದಳು. ಅವನು ಕೈ ಬೆವರುವುದನ್ನು ಮೊದಲು ಹೇಳಿದ, ಅದನ್ನೇ ದೊಡ್ಡ ಗುಟ್ಟು ಎನ್ನುವಂತೆ.

‘ಅದು ನಂಗೆ ಧಾರೆ ದಿನವೇ ಗೊತ್ತಾಗಿತ್ತು ಬುಡಿ. ಹಾಲು ತಣ್ಣಗಿತ್ತು, ನಿಮ್ಮ ಕೈ ಬೆಚ್ಚಗೆ ಸುರೀತಿತ್ತು’ ಎಂದಳು ಸಹನ. ‘ಅದುಕ್ಕೆ ಊಟ ಬುಡೋರಲ್ಲ ನೀವು. ಇನ್ನೇನು ಮಾಡಿದ್ದೀರಿ, ಹೇಳಿ.’

ಹೇಳಿದ. ಕಲ್ಲಿನಿಂದ ಹಿಡಿ ಒಡೆದದ್ದನ್ನೂ ಹೇಳಿದ. ಸಹನ ತಟ್ಟೆ ಎತ್ತಿಟ್ಟು ಬಂದು, ‘ವಯಸ್ಸಾದೋಳು ನೆಲದ ಮ್ಯಾಲೆ ಕೂತ್ಕೊಂಡು ಕ್ಷಮೆ ಕೇಳ್ದಾಗ್ಲೂ ಸುಮ್ನಿದ್ರಾ?’ ಎಂದಳು. ಆ ಥರದ ನೋಟದಿಂದ ಅವಳು ಗಂಡನನ್ನು ಎಂದೂ ನೋಡಿರಲಿಲ್ಲ. ಅವನು ಅಂಗಿ ಹಾಕಿಕೊಂಡು ಪಾಂಡವಪುರದ ಬಸ್ಸು ಹತ್ತಿದ.

ಚಪ್ಪರದಲ್ಲಿ ಗಿರಾಕಿಗಳಿರಲಿಲ್ಲ. ಅರ, ಸುತ್ತಿಗೆಗಳನ್ನು ಗೋಣಿಚೀಲದಲ್ಲಿ ಕಟ್ಟಿಟ್ಟಿತ್ತು. ತಾಜ್ ಬೀ ಹೊಸಿಲ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ರಂಗಸ್ವಾಮಿ ಎರಡೂ ಅಂಗೈಗಳನ್ನು ಮುಂದೆ ಹಿಡಿದು, ‘ಅಮ್ಮ, ನಿಮ್ಮ ಹಿಡಿ ಕಳಚ್ಲಿಲ್ಲ. ನನ್ನ ಕೈ ಜಾರ್ತು. ಹಿಡೀನ ನಾನೇ ಒಡೆದಾಕ್ದೆ’ ಎಂದ. ಮುಂದಿನ ಮಾತು ಅಳುವಿನಲ್ಲಿ ಹೋಯಿತು.

ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

‘ಅವತ್ತೇ ಗೊತ್ತಾಯ್ತು. ಆಟೋದಲ್ಲಿ ಕೂತು ಮೊದಲು ನಕ್ಕೆ ಕಣೋ, ನನ್ನ ಕೈ ತಪ್ಪು ಮಾಡಿಲ್ಲ ಅಂತ. ಆಮೇಲೆ ಮನೆವರೆಗೂ ಅತ್ತೆ.’

‘ಅಲ್ಲೇ ಯಾಕೆ ಬಾಯ್ಬುಡ್ಲಿಲ್ಲ?’

‘ಹತ್ತು ಜನರ ಮುಂದೆ ನಿನ್ನ ಕೈ ಎತ್ತಿ ತೋರ್ಸ್ಲಾ? ನೀನು ನನ್ನ ಹೆಸರು ಎತ್ತಿ ತೋರ್ಸಿದ ಹಾಗೆ?’ ಅವಳ ದನಿ ಏರಿತು. ‘ಎಷ್ಟು ಜನಕ್ಕೆ ಕೈ ಬೆವರ್ತದೆ ಗೊತ್ತಾ ನಿನಗೆ? ಕೇಳ್ದೆ ತಾನೇ ನಾನು? ಬೆವರ್ತದೆ ಅಂತ ಒಂದು ಮಾತು ಹೇಳಿದ್ರೆ ಹುಣಸೆ ಹಿಡಿ ಹಾಕಿ ಕೊಡ್ತಿದ್ದೆ. ಆ ಮನುಷ್ಯನ ಕಾಲು ಉಳೀತಿತ್ತು.’

ಅವನು ಕಾಲು ಹಿಡಿಯಲು ಬಗ್ಗಿದ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

‘ಇಲ್ಲಿ ಬೇಡ. ಅಲ್ಲಿ ಆಡಿದ ಮಾತನ್ನ ಇಲ್ಲಿ ಬಂದು ಅತ್ತರೆ ಆಗಲ್ಲ. ಅಲ್ಲೇ ಹೋಗಿ ಹೇಳು.’

ಮರುದಿನ ಬಸ್ಸುಗಳು ಬರುವ ಮುಂಚೆ, ಸಾಲಿನವರೆಲ್ಲ ಟೀ ಕುಡಿಯುತ್ತಿದ್ದಾಗ ರಂಗಸ್ವಾಮಿ ಹೇಳಿದ. ನಿಂತು ಹೇಳಲು ಹೋದವನು ನಡುವೆ ಕೂತುಬಿಟ್ಟ. ಯಾರೋ ನಕ್ಕರು. ಯಾರೋ, ‘ಥೂ, ಇಷ್ಟಕ್ಕಾ?’ ಎಂದರು. ಕಬ್ಬಿನ ಹಾಲಿನ ಗಾಣದವನು ಅವನ ಅಂಗೈ ಮುಟ್ಟಿ ನೋಡಿ, ‘ಅಯ್ಯೋ, ನಲ್ಲಿ ಕಣ್ರೋ!’ ಎಂದು ಎಲ್ಲರನ್ನೂ ಕರೆದ. ಆ ನಗುವನ್ನು ರಂಗಸ್ವಾಮಿ ತಡೆದುಕೊಂಡ. ನಗದಿದ್ದವನು ಹೊನ್ನಪ್ಪ ಒಬ್ಬನೇ.

ಹೊನ್ನಪ್ಪ ಟೀ ಲೋಟ ಕೆಳಗಿಟ್ಟ. ‘ಕಾಲು ಓಗ್ಲಿ ಕಣ್ಲಾ. ಕೈ ಜಾರ್ತದೆ, ಯಾರ್ಗಾದ್ರೂ ಜಾರ್ತದೆ. ಆದ್ರೆ ನಾನು ಊರೆಲ್ಲ ಆ ಹೆಂಗ್ಸಿನ ಎಸ್ರು ಎತ್ತಿ ಬಯ್ಕೊಂಡು ತಿರುಗ್ದೆ. ನೀನು ನಮ್ಮನೇಲಿ ಕೂತ್ಕೊಂಡು ಕಾಫಿ ಕುಡ್ಕೊಂಡು ಅದನ್ನ ಕೇಳ್ದೆ’ ಎಂದ. ಎದ್ದು, ತನ್ನ ಬುಟ್ಟಿಯನ್ನು ಎಳೆದುಕೊಂಡು ಸಾಲಿನ ಆ ತುದಿಗೆ ಹೋಗಿ ಕೂತ.

ತಾಜ್ ಬೀಯ ಕಣ್ಣಿನ ಪೊರೆ ತೆಗೆಸಿದ ಮೇಲೆ, ತೌಸಿಫ್ ಫೋನು ಮಾಡಿ ರಂಗಸ್ವಾಮಿಗೆ ಬರಲು ಹೇಳಿದ. ಅವಳು ಕಪ್ಪು ಕನ್ನಡಕ ಹಾಕಿಕೊಂಡು ಚಪ್ಪರದಲ್ಲಿ ಕೂತಿದ್ದಳು. ಅರ ಹಿಡಿದಿದ್ದವನು ತೌಸಿಫ್. ಕಬ್ಬು ಕಡಿಯುವ ನಾಲ್ಕಾರು ಜನ ಸುತ್ತ ಇದ್ದರು. ಅವರನ್ನೆಲ್ಲ ಮುಗಿಸಿ ಕೊನೆಗೆ ಅವನನ್ನು ಕರೆದಳು. ಅವರು ಹೋಗದೆ ನೋಡುತ್ತ ನಿಂತರು. ಅಂಗೈಯಲ್ಲಿ ನೀರೊಡೆಯಿತು. ರಂಗಸ್ವಾಮಿ ಟವಲಿಗೆ ಕೈ ಹಾಕಿದ.

‘ಒರೆಸ್ಕೋಬೇಡ. ಇಷ್ಟು ಬೆವರು ಬಂದ್ರೇನೇ ಸರಿಯಾಗಿ ಗೊತ್ತಾಗೋದು’ ಎಂದಳು.

ಒಂದೊಂದೇ ಹಿಡಿಯನ್ನು ಅವನ ಒದ್ದೆ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ತಾನು ಎಳೆದಳು. ಬೀಟೆ ಸರಕ್ಕನೆ ಬಂತು. ಹಿತ್ತಾಳೆ ಕಟ್ಟು ಹಾಕಿದ್ದೂ ಜಾರಿ ಬಂತು. ಹುಣಸೆಯ ಗುಂಡನೆಯದು ಜಾರಲಿಲ್ಲ, ಆದರೆ ತಿರುಗಿತು. ಒಂದು ಕಡೆ ಚಪ್ಪಟೆ, ಒಂದು ಕಡೆ ದುಂಡಗಿದ್ದದ್ದು ತಿರುಗಲೂ ಇಲ್ಲ. ‘ನೋಡು, ಇದು ನಿನ್ನ ಬೆರಳಿಗೆ ಕೂತ್ಕೊಂಡಿತು’ ಎಂದಳು. ದಪ್ಪ ಜಾಸ್ತಿಯಾದರೆ ಬೆರಳು ಸೋಲುತ್ತವೆ, ತೆಳ್ಳಗಾದರೆ ಉಗುರು ಅಂಗೈಗೆ ಚುಚ್ಚುತ್ತದೆ ಎಂದು ಹೇಳಿ, ಮಗನ ಕೈಯಲ್ಲಿ ಅಲ್ಲಲ್ಲಿ ಉಜ್ಜಿಸಿದಳು. ನಡುವೆ ಸಣ್ಣ ಉಬ್ಬು, ಕಿರುಬೆರಳ ಕೆಳಗೆ ಕೊಕ್ಕೆಯಂತೆ ಬಾಗಿದ ಬಾಲ. ಕೈ ಜಾರಿದರೂ ಆ ಬಾಲ ತಡೆಯುತ್ತದೆ. ತೊಣ್ಣೂರಿನ ಕಡೆಯಿಂದ ತಂದ ಹಳೆಯ ಹುಣಸೆಯ ಕಾಂಡ ಅದು. ಮೇಲೆ ಪಾಲಿಶ್ ಇಲ್ಲ, ಎಣ್ಣೆ ಇಲ್ಲ. ಕೊನೆಗೆ ಪೈಜಾಮದ ಹತ್ತಿ ಲಾಡಿಯನ್ನು ಒತ್ತೊತ್ತಾಗಿ ಸುತ್ತಿಸಿ, ‘ಬೆವರು ಇದು ಕುಡೀತದೆ. ದಿನಾ ಬಿಚ್ಚಿ ಒಗೆದು ಬೇರೆದು ಸುತ್ಕೋ. ನಾಚ್ಕೊಂಡು ಬಿಟ್ಟೀಯ ಮತ್ತೆ’ ಎಂದಳು.

ನಿಂತಿದ್ದವರಲ್ಲಿ ಒಬ್ಬ ಮುಂದೆ ಬಂದು, ತನ್ನ ಕೈಯನ್ನೂ ಚಾಚಿ, ‘ನಂಗೂ ಅದೇ ಥರದ್ದೇ ಆಕ್ಕೊಡಮ್ಮ’ ಎಂದ. ರಂಗಸ್ವಾಮಿ ಅವನ ಮುಖ ನೋಡಲಾರದೆ ಹಿಡಿಯನ್ನೇ ನೋಡುತ್ತ ಕೂತ.

ಸಾಲಿನವರು ಒಬ್ಬೊಬ್ಬರಾಗಿ ಮತ್ತೆ ಪಾಂಡವಪುರಕ್ಕೆ ಹೋಗತೊಡಗಿದರು. ಕೆಲವರು ಹೋಗಲಿಲ್ಲ, ಒಮ್ಮೆ ಕೆಟ್ಟ ಹೆಸರು ಪೂರ್ತಿ ಅಳಿಯುವುದಿಲ್ಲ. ಅದನ್ನು ನೆನೆದಾಗ ರಂಗಸ್ವಾಮಿಗೆ ಈಗಲೂ ಮುಖ ಬಿಸಿಯಾಗುತ್ತದೆ. ಗಿರಾಕಿಗಳು ಮಚ್ಚಿನ ಲಾಡಿ ನೋಡಿ ಕೇಳಿದರೆ, ‘ಕೈ ಬೆವರ್ತದೆ ಸಾ’ ಎನ್ನುತ್ತಾನೆ. ಆ ಮಾತು ಬರುವುದಕ್ಕೆ ಒಂದು ಗಳಿಗೆ ತಡವಾಗುತ್ತದೆ, ಆದರೆ ಬರುತ್ತದೆ.

ಹೊನ್ನಪ್ಪನ ನಡಿಗೆಯಲ್ಲಿ ಸ್ವಲ್ಪ ಎಳೆತ ಉಳಿದುಕೊಂಡಿತು. ಸೌತೆಕಾಯಿ ಬುಟ್ಟಿಯನ್ನು ಗಾಡಿಯಿಂದ ಇಳಿಸಿ ಸಾಲಿನ ತುದಿಗೆ ಹೊರಲು ಅವನಿಂದಾಗುತ್ತಿರಲಿಲ್ಲ. ರಂಗಸ್ವಾಮಿ ದಿನವೂ ಬೆಳಿಗ್ಗೆ ಹೋಗಿ ಹೊತ್ತು ತಂದಿಡುತ್ತಿದ್ದ. ಹೊನ್ನಪ್ಪ ಬೇಡ ಎನ್ನಲಿಲ್ಲ, ಮಾತೂ ಆಡಲಿಲ್ಲ. ಬುಟ್ಟಿ ಎಲ್ಲಿಟ್ಟರೂ ಅದನ್ನು ತಾನೇ ಮತ್ತೆ ಎಳೆದು ಸರಿಮಾಡಿಕೊಳ್ಳುತ್ತಿದ್ದ. ಮಳೆಗಾಲ ಕಳೆದು, ದಸರೆಯ ಜನ ಬರುವ ಹೊತ್ತಿಗೆ, ಒಂದು ಬೆಳಿಗ್ಗೆ ಬುಟ್ಟಿ ಇಳಿಸುತ್ತಿದ್ದವನಿಗೆ, ಹೊನ್ನಪ್ಪ ತಲೆ ಎತ್ತದೆ, ಊರುಗೋಲಿನಿಂದ ನೆಲ ತೋರಿಸಿ, ‘ಇತ್ಲಾಗಿಡು, ಅಲ್ಲಿ ಬಿಸ್ಲು ಬೀಳ್ತದೆ’ ಎಂದ.

ರಂಗಸ್ವಾಮಿ ಬುಟ್ಟಿಯನ್ನು ನೆರಳಿಗೆ ಸರಿಸಿಟ್ಟು ತನ್ನ ಜಾಗಕ್ಕೆ ಹೋದ.